ಬಾಳಾಸಾಬನ ಟೊಂಕದ ರಾಡು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಬಟ್ಟಲು ಹೆಪ್ಪು. ಅಲಖನೂರಿನ ಅಕ್ಕವ್ವ ಬೆಳಿಗ್ಗೆ ಹೆಪ್ಪು ಕೇಳಲು ಪಕ್ಕದ ಮನೆಯ ದುಂಡವ್ವನ ಹತ್ತಿರ ಬಂದವಳು, ಇಸಿದುಕೊಂಡು ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ.

"ಭೋಜ ಊರಾಗಿನ ನಮ್ಮ ಮೈದುನಗ ಹ್ವಾದ ವರ್ಷ ಟೊಂಕದಾಗಿನ ರಾಡ್ ತಗದ್ರವ್ವ," ಎಂದಳು. "ಈಗ ಕಾಲುವಿ ಜಿಗದ ಓಡ್ಯಾಡತಾನ. ನಿಮ್ಮವರದೂ ತಗಸಿಬಿಡು."

ಕಟ್ಟೆಯ ಮೇಲೆ ಕೂತು ಎರಡನೆಯ ಸಲದ ಚಹಾ ಕುಡಿಯುತ್ತಿದ್ದ ದುಂಡವ್ವನ ಗಂಡ ಬಾಳಾಸಾಬ ಚಹಾದ ಬಸಿ ಕೆಳಗಿಟ್ಟು ಕಿವಿ ನಿಮಿರಿಸಿದ.

ಒಂದೂವರೆ ವರ್ಷದ ಹಿಂದೆ ಎಮ್ಮೆ ಹಗ್ಗ ಎಳೆದ ರಭಸಕ್ಕೆ ಅವನು ಸೆಗಣಿಯ ಮೇಲೆ ಜಾರಿ ಬಿದ್ದು, ಬಲಗಡೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡಿದ್ದ. ಹಾರೂಗೇರಿಯ ದವಾಖಾನೆಯಲ್ಲಿ ಉದ್ದನೆಯದೊಂದು ರಾಡು, ಮೂರು ಸ್ಕ್ರೂ ಹಾಕಿ ಕೂಡಿಸಿದ್ದರು. ಆರು ತಿಂಗಳಲ್ಲಿ ಮೂಳೆ ಕೂಡಿತು. ಆದರೆ ಅಷ್ಟರಲ್ಲಿ ಬಾಳಾಸಾಬನಿಗೆ ರಾಡಿನ ರುಚಿ ಹತ್ತಿತ್ತು. ಮೇವು ತರಬೇಕೆ? "ರಾಡ್ ಐತಿ." ಕಬ್ಬಿಗೆ ನೀರು ಹಾಯಿಸಬೇಕೆ? "ರಾಡ್ ಐತಿ." ಬೀಗರ ಮನೆಗೆ ಹೋಗಬೇಕೆಂದರೆ ರಾಡು ಅಲ್ಲಿಗೂ ಅಡ್ಡ ಮಲಗುತ್ತಿತ್ತು. ನಾಲ್ಕು ಎಮ್ಮೆ, ಎರಡು ಎಕರೆ ಕಬ್ಬು, ಎಲ್ಲ ದುಂಡವ್ವನ ತಲೆಯ ಮೇಲೆ ಬಿದ್ದಿತ್ತು.

ಬರೀ ಮೈಗಳ್ಳತನ ಅಂದರೆ ಅವನಿಗೆ ಅನ್ಯಾಯವಾದೀತು. ಹೆದರಿಕೆಯೂ ಇತ್ತು. ಆಪರೇಶನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಕಿವಿ ಮಾತ್ರ ಪೂರಾ ಎಚ್ಚರವಿತ್ತು. ಪರದೆಯ ಆಚೆ ಯಾರೋ ಬಾಗಿಲಿನ ಚೌಕಟ್ಟು ಕೂಡಿಸುವ ಹಾಗೆ ಸುತ್ತಿಗೆಯಿಂದ ಠಕ್ ಠಕ್ ಬಡಿಯುತ್ತಿದ್ದರು. ಆ ಚೌಕಟ್ಟು ತಾನೇ ಎಂದು ತಿಳಿದಾಗ ಬಾಳಾಸಾಬ ನೆನೆಯದ ದೇವರಿಲ್ಲ. ಇವತ್ತಿಗೂ ಬಡಿಗನ ಮನೆ ಇರುವ ಓಣಿಯಲ್ಲಿ ಅವನು ಹಾಯುತ್ತಿರಲಿಲ್ಲ.

ದುಂಡವ್ವ ಅಕ್ಕವ್ವನ ಮಾತನ್ನು ಪೂರ್ತಿ ಕೇಳಿ, ಕೈ ಒರೆಸಿಕೊಂಡು ಹೊರಗೆ ಬಂದಳು. "ಫೈಲ್ ಎಲ್ಲಿ ಇಟ್ಟೀರಿ? ಹತ್ತರ ಬಸ್ಸಿಗೆ ಹೋಗೂಣು."

ಅಷ್ಟರಲ್ಲಿ ಎದುರುಮನೆಯ ಪಾರಿಸ ಬಂದ. ಸೊಸೈಟಿಯಲ್ಲಿ ನೌಕರಿ ಮಾಡಿ ನಿವೃತ್ತನಾದ ಮೇಲೆ ಊರವರ ಕೆಲಸವೆಲ್ಲ ತನ್ನದೇ ಎಂದು ತಿಳಿದವನು ಅವನು.

"ಸುಮ್ಮಸುಮ್ಮನ ತಗಿಯಂಗಿಲ್ಲ ದುಂಡವ್ವಾ," ಎಂದ. "ಬ್ಯಾನಿ ಇದ್ರ ಅಷ್ಟ ತಗೀತಾರ. ಇಲ್ಲಾಂದ್ರ ಇರಲಿ ಬಿಡು ಅಂತಾರ."

ಬಾಳಾಸಾಬನಿಗೆ ತುಂಬಿದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಂತಾಯಿತು. "ನನಗೆಲ್ಲಿ ಬ್ಯಾನಿ ಐತಿ?" ಎಂದು ಎದ್ದು ನಿಂತ.

"ನಿನ್ನಿ ಕೊಡ ಎತ್ರಿ ಅಂದ್ರ ಅಯ್ಯಯ್ಯೋ ಅಂತ ಕುಂತ್ರಿ," ಎಂದಳು ದುಂಡವ್ವ.

"ಅದು ನಿನ್ನಿ ಮಾತು."

ಮಾತಿಗಿಂತ ಪುರಾವೆ ಒಳ್ಳೆಯದೆಂದು ಅವನು ಅಂಗಳದಲ್ಲಿದ್ದ ಮೇವಿನ ಹೊರೆಯನ್ನು ತಲೆಗೆ ಏರಿಸಿಕೊಂಡು ಮನೆಯನ್ನು ಎರಡು ಸುತ್ತು ಹಾಕಿದ. ಅಕ್ಕವ್ವ ಮೂಗಿನ ಮೇಲೆ ಬೆರಳಿಟ್ಟಳು. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ದುಂಡವ್ವ ಮಾತ್ರ ಫೈಲನ್ನು ಹುಡುಕಿ ತಂದು ಕಂಕುಳಲ್ಲಿ ಇಟ್ಟುಕೊಂಡಳು.

"ಏನಂತಾರ ಅಂತ ಡಾಕ್ಟರಬಾಯಾರ ಬಾಯಿಂದನ ಕೇಳೂಣು ನಡೀರಿ."

"ನಾನೂ ಬರ್ತೀನಿ," ಎಂದು ಪಾರಿಸ ಟೊಪ್ಪಿಗೆ ತರಲು ಹೋದ. "ಅಲ್ಲಿ ಮಾತಾಡಾಕ ಒಬ್ಬರು ಬೇಕಲ್ಲ."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾರಿಸ ಗಟ್ಟಿ ದನಿಯಲ್ಲಿ, "ಸ್ವಲ್ಪ ಸರೀರಿ, ಪೇಶಂಟ್ ಅದಾನ, ಟೊಂಕದಾಗ ರಾಡ್ ಐತಿ," ಎಂದ. ಮರಾಠಿ ಮಾತಾಡುವ ಅಜ್ಜಿಯೊಬ್ಬಳು "ಬಸಾ ಬಾಬಾ, ಬಸಾ" ಎಂದು ಜಾಗ ಬಿಟ್ಟಳು. ಕೂತರೆ ಬೇನೆ ಇದೆಯೆಂದು ಒಪ್ಪಿಕೊಂಡ ಹಾಗೆ. ಬಾಳಾಸಾಬ ಕೂಡಲಿಲ್ಲ, ಹಾರೂಗೇರಿಯವರೆಗೆ ಕಂಬದಂತೆ ನೆಟ್ಟಗೆ ನಿಂತ. ಸುತ್ತಲಿನವರು ಅವನ ಸೊಂಟದ ಬಗ್ಗೆ ಸಭೆ ಸೇರಿಸಿದರು. ಚಳಿಗಾಲದಲ್ಲಿ ರಾಡು ಥಂಡಿ ಎಳೆಯುತ್ತದೆ ಎಂದ ಒಬ್ಬ. "ತಗದ ಮ್ಯಾಲ ಕೇಳಿ ಇಸ್ಕೋರಿ, ಛಲೋ ಸ್ಟೀಲ್ ಇರತೈತಿ, ಕುಡಗೋಲ ಮಾಡಸಬಹುದು," ಎಂದ ಇನ್ನೊಬ್ಬ. ಕಂಡಕ್ಟರ್ ಟಿಕೆಟ್ ಹರಿಯುತ್ತ, "ರಾಡಿಗೆ ಲಗೇಜ್ ಹಾಕ್ಲೇನ್ರಿ?" ಎಂದು ಕೇಳಿದ.

ದವಾಖಾನೆಯಲ್ಲಿ ಎಕ್ಸ್‌ರೇ ಮಾಡುವುದು ಎರಡನೆಯ ಮಾಳಿಗೆಯಲ್ಲಿ. ನರ್ಸ್ ಲಿಫ್ಟ್ ತೋರಿಸಿದಳು. ಬಾಳಾಸಾಬ ಅದರ ಕಡೆ ನೋಡಲೂ ಇಲ್ಲ. ಎರಡೆರಡು ಮೆಟ್ಟಿಲು ದಾಟುತ್ತ ಹತ್ತಿದ. ಜೊತೆಗೆ ಬಂದ ಪಾರಿಸ ಬಿಡುವನೇ? ಏದುಸಿರು ಬಿಡುತ್ತ, ಸೊಂಟ ಹಿಡಿದುಕೊಂಡು ಹಿಂದೆಯೇ ಹತ್ತಿದ. ಮೇಲಿದ್ದ ಎಕ್ಸ್‌ರೇದವನು ಇಬ್ಬರನ್ನೂ ನೋಡಿ, ಪಾರಿಸನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೇಜಿನ ಮೇಲೆ ಮಲಗಿಸಿಬಿಟ್ಟ. ಪಾರಿಸನಿಗೆ ಮಾತಾಡಲು ಉಸಿರಿರಲಿಲ್ಲ. ದುಂಡವ್ವ ಲಿಫ್ಟಿನಿಂದ ಇಳಿದು ಬಂದು, "ಆ ಟೊಂಕ ನಮ್ಮದಲ್ರಿ," ಎಂದು ಅವನನ್ನು ಬಿಡಿಸಿಕೊಂಡಳು.

ಡಾಕ್ಟರ್ ನೀಲಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಲುಬು ಛಲೋ ಕೂಡೈತಿ. ಬ್ಯಾನಿ ಐತೇನ್ರಿ ಕಾಕಾ?"

"ಸಾಸಿವಿಯಷ್ಟೂ ಇಲ್ರಿ." ಬಾಳಾಸಾಬ ಅವರ ಎದುರಿಗೇ ಕುಕ್ಕರಗಾಲಲ್ಲಿ ಕೂತು ಎದ್ದ, ಕೂತು ಎದ್ದ, ಹತ್ತು ಸಲ.

"ಮುಂಜಾನಿ ಮೇವಿನ ಹೊರಿ ಹೊತ್ತಾನ್ರಿ, ನಾನ ಕಣ್ಣಾರೆ ನೋಡೇನಿ," ಎಂದು ಪಾರಿಸ ಸಾಕ್ಷಿ ನುಡಿದ.

"ಹಂಗಾದ್ರ ತಗಿಯೂ ಜರೂರಿ ಇಲ್ಲ. ಜೀವ ಇರೂತನ ಇದ್ರೂ ಏನೂ ಆಗಂಗಿಲ್ಲ."

ಬಾಳಾಸಾಬನಿಗೆ ಡಾಕ್ಟರರ ಕಾಲಿಗೆ ಬೀಳಬೇಕೆನಿಸಿತು. ಗೆದ್ದ ಪೈಲವಾನನಂತೆ ಎದೆ ಉಬ್ಬಿಸಿ ಹೆಂಡತಿಯ ಕಡೆ ನೋಡಿದ.

"ತಗದಿದ್ರ ಏನಾಕ್ಕಿತ್ರಿ ಬಾಯಾರ?" ದುಂಡವ್ವ ಸಹಜವಾಗಿ ಕೇಳಿದಳು.

"ಸ್ಕ್ರೂ ಇದ್ದಲ್ಲಿ ಎಲುಬಿನ್ಯಾಗ ತೂತು ಉಳೀತಾವ. ಅವು ತುಂಬೂತನ ಹುಷಾರಿರಬೇಕು. ಮೊದಲ ಕೆಲವು ವಾರ ಕೋಲು ಹಿಡದ ನಡೀಬೇಕು. ಮೂರು ತಿಂಗಳು ಭಾರ ಎತ್ತಂಗಿಲ್ಲ, ಹೊಲದ ಕೆಲಸ ಮಾಡಂಗಿಲ್ಲ. ಎಲ್ಲಾ ನೀವ ಮಾಡಬೇಕಾಕ್ಕಿತ್ತು."

ಬಾಳಾಸಾಬನ ಎದೆ ನಿಧಾನಕ್ಕೆ ಕೆಳಗಿಳಿಯಿತು. ಮೂರು ತಿಂಗಳು. ಅದೂ ಡಾಕ್ಟರರ ಅಪ್ಪಣೆಯಿಂದ. ಅದರ ಮುಂದೆ ಸುತ್ತಿಗೆಯ ಸಪ್ಪಳ ಅಂಥದ್ದೇನೂ ದೊಡ್ಡದಲ್ಲ ಎನಿಸಿತು.

"ಬಾಯಾರ," ಎಂದ ಸಣ್ಣ ದನಿಯಲ್ಲಿ, "ಖರೇ ಹೇಳಬೇಕಂದ್ರ ಸ್ವಲ್ಪ ಬ್ಯಾನಿ ಐತ್ರಿ. ನಾಚಿಕಿಗೆ ಹೇಳಿರಲಿಲ್ಲ."

"ಎಲ್ಲಿ, ತೋರಸ್ರಿ."

ಬಾಳಾಸಾಬ ಮುಖ ಕಿವುಚಿ, ಸೊಂಟದ ಎಡಗಡೆಗೆ ಕೈಯಿಟ್ಟು ನರಳಿದ.

ಡಾಕ್ಟರರು ಎಕ್ಸ್‌ರೇ ನೋಡಿದರು, ಅವನ ಕೈ ನೋಡಿದರು. ಪಾರಿಸನಿಗೆ ಸಹಾಯ ಮಾಡದೆ ಇರಲು ಆಗಲಿಲ್ಲ. "ಆ ಕಡೆ ಅಲ್ಲೋ ಬಾಳಾಸಾಬ, ರಾಡ್ ಈ ಕಡೆ ಐತಿ."

ಡಾಕ್ಟರರು ಎಕ್ಸ್‌ರೇಯನ್ನು ಲಕೋಟೆಗೆ ಸೇರಿಸಿದರು.

"ಹಾಲ ಹಿಂಡಬಹುದೇನ್ರಿ ಇವರು?" ಎಂದಳು ದುಂಡವ್ವ.

"ಹಿಂಡಲಿ."

"ನೀರ ಹಾಯಸಬಹುದ್ರಿ?"

"ಹಾಯಸಲಿ. ಎಷ್ಟ ಅಡ್ಡಾಡತಾರ ಅಷ್ಟ ಛಲೋ."

"ಹಂಗಂತ ಒಂದ ಚೀಟ್ಯಾಗ ಬರದ ಕೊಡ್ರಿ."

ಹಾರೂಗೇರಿ ಬಸ್ ಸ್ಟ್ಯಾಂಡಿಗೆ ಬಂದಾಗ ಅಥಣಿಯ ಬಸ್ಸು ಹೊರಡಲು ನಿಂತಿತ್ತು. ದುಂಡವ್ವ ಮನೆಯ ಕೀಲಿಯನ್ನೂ ಡಾಕ್ಟರರ ಚೀಟಿಯನ್ನೂ ಗಂಡನ ಕೈಯಲ್ಲಿಟ್ಟು ಅದನ್ನು ಹತ್ತಿದಳು.

"ಅದು ಅಥಣಿ ಗಾಡಿ," ಎಂದ ಬಾಳಾಸಾಬ.

"ಗೊತ್ತೈತ್ರಿ. ಒಂದೂವರಿ ವರ್ಷ ಆತು ತವರಮನಿ ಕಂಡು. ಹದಿನೈದ ದಿನ ಇದ್ದ ಬರ್ತೀನಿ."

"ಸೀರಿ ಗೀರಿ ಏನೂ ತಂದಿಲ್ಲ."

"ನಮ್ಮ ಅಣ್ಣನ ಹೇಣ್ತಿ ಕಡೆ ಅದಾವ." ಕಿಟಕಿಯ ಪಕ್ಕ ಕೂತು ಸೆರಗು ಸರಿಮಾಡಿಕೊಂಡಳು. "ಕೆಂದೆಮ್ಮಿ ಒದೀತೈತಿ, ಹಿಂಗಾಲ ಕಟ್ಟಿ ಹಿಂಡ್ರಿ."

ಬಸ್ಸು ಹೋಯಿತು. ಬಾಳಾಸಾಬ ಧೂಳಿನಲ್ಲಿ ನಿಂತು ಒಂದು ಹೆಜ್ಜೆ ಮುಂದಿಟ್ಟ, ಹಾಗೇ ನಿಂತುಬಿಟ್ಟ. ಹೊರೆ, ಮೆಟ್ಟಿಲು, ಕುಕ್ಕರಗಾಲು, ಎಲ್ಲ ಒಟ್ಟಿಗೆ ಸೇರಿ ಸೊಂಟದಲ್ಲಿ ಚಳುಕು ಎದ್ದಿತ್ತು.

"ಪಾರಿಸಣ್ಣಾ, ಈಗ ಖರೇನ ಬ್ಯಾನಿ ಆಗಾಕತ್ತೈತಿ."

ಪಾರಿಸ ತಿರುಗಿ ನೋಡಿದ. ಬಾಳಾಸಾಬನ ಕೈ ಸೊಂಟದ ಬಲಗಡೆಗಿತ್ತು.

"ಈಗ ನೋಡು, ಬರೋಬರಿ ಕಡೆ ಹಿಡದಿ," ಎಂದು ಅವನು ಮೆಚ್ಚುಗೆಯಿಂದ ತಲೆಯಾಡಿಸಿದ. "ಇದನ್ನ ಅಲ್ಲೇ ಮಾಡಬೇಕಾಗಿತ್ತು. ನಡಿ ನಡಿ, ಹಾಲ ಹಿಂಡಬೇಕು, ಡೇರಿ ಗಾಡಿ ಆರಕ್ಕ ಬರತೈತಿ."