ಅಳಿಯನಿಗೆ ಮೂರು ಪುಸ್ತಕ

ತಮಿಳುನಾಡಿನ ತೇವಾರಂ ಎಂಬ ಊರಿನ ದ್ರಾಕ್ಷಿತೋಟದ ಚಿನ್ನತಂಬಿಯವರಿಗೆ ಪುಸ್ತಕ ಓದುವ ಹುಚ್ಚಿರಲಿಲ್ಲ; ಓದಿಸುವ ಹುಚ್ಚಿತ್ತು. ತೇನಿ ಪೇಟೆಗೆ ಹೋದಾಗಲೆಲ್ಲ ಚರಿತ್ರೆ, ಚುನಾವಣೆ, ಸಮಾಜ ಸುಧಾರಣೆ ಎಂದು ತಮಿಳಿನ ದಪ್ಪ ದಪ್ಪ ಗ್ರಂಥಗಳನ್ನು ಹೊತ್ತು ತರುವರು. ಮುನ್ನುಡಿ ಮುಗಿಯುವ ಮೊದಲೇ ನಿದ್ರಾದೇವಿಗೆ ಶರಣಾಗುವರು. ಎಚ್ಚರವಾದೊಡನೆ ಎದುರಿಗೆ ಸಿಕ್ಕವರಿಗೆ, "ಇದನ್ನ ಓದ್ಲೇಬೇಕು ನೋಡು" ಎಂದು ಅಪ್ಪಣೆ ಕೊಡಿಸುವರು. (ಕ್ಷೌರದಂಗಡಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿದ್ದಾಗಲೂ ಶಿಫಾರಸು ನಡೆದಿತ್ತು.) ಕೊಂಡೊಯ್ದವರೂ ಓದುತ್ತಿರಲಿಲ್ಲವಾದ್ದರಿಂದ ಚಿನ್ನತಂಬಿಯವರ ಪಾಂಡಿತ್ಯಕ್ಕೆ ಈವರೆಗೆ ಕುಂದು ಬಂದಿರಲಿಲ್ಲ.

ತೊಂಬತ್ತೊಂಬತ್ತರ ದೀಪಾವಳಿ. ಲೋಕಸಭೆ ಚುನಾವಣೆಯ ಗಲಾಟೆ ಆಗಷ್ಟೇ ಅಡಗಿತ್ತು. ಮಗಳು ಜೆಯಂತಿ ಮದುವೆಯಾದ ಮೇಲಿನ ಮೊದಲ ಹಬ್ಬಕ್ಕೆ ಗಂಡನ ಜೊತೆ ಬಂದಳು. ಅಳಿಯ ಸತೀಶ್‌ಕುಮಾರನಿಗೆ ಬತ್ತಲಗುಂಡಿನಲ್ಲಿ ಔಷಧದ ಅಂಗಡಿ. ಅವನು ಚಪ್ಪಲಿ ಬಿಡುವಷ್ಟರಲ್ಲಿ ಮಾವ ಕೈಗೆ ಮೂರು ಪುಸ್ತಕ ಇಟ್ಟರು.

"ಚರಿತ್ರೆ ಒಂದು, ಎಲೆಕ್ಷನ್ ಒಂದು, ಸಮಾಜ ಒಂದು. ಮೂರೂ ಓದ್ಬುಡಿ ಮಾಪಿಳ್ಳೆ, ಕಣ್ಣು ತೆರೀತೈತೆ!"

ಹೆಂಡತಿ ಗೋಮತಿ ಅಡುಗೆಮನೆಯಿಂದಲೇ ಗುಡುಗಿದಳು. "ಯೇಂಗ, ಏನೂಂದ್ರೆ, ಅಳಿಯ ಬಂದಿರೋದು ಅತಿರಸ ತಿನ್ನಕ್ಕೋ, ಪರೀಕ್ಷೆ ಬರಿಯಕ್ಕೋ?"

"ಸರಿಂಗ ಮಾಮಾ, ಓದ್ತೀನಿ" ಎಂದ ಅಳಿಯ. ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಆದರೆ ಈ ಪುಣ್ಯಾತ್ಮ ನಿಜವಾಗಿಯೂ ಓದತೊಡಗಿದ!

ಹಬ್ಬದೂಟಕ್ಕೆ ಕುಳಿತಾಗ ಕೇಳಿದ: "ಮಾಮಾ, ಮೊದಲ್ನೇ ಎಲೆಕ್ಷನ್ ಬಗ್ಗೆ ಇವ್ರು ಬರ್ದಿರೋದು ಸರಿಯಾ?"

ಚಿನ್ನತಂಬಿಯವರಿಗೆ ಹಪ್ಪಳ ಗಂಟಲಲ್ಲಿ ಸಿಕ್ಕಿತು. "ಅದನ್ನ ಎರಡು ಕಡೆಯಿಂದ್ಲೂ ನೋಡ್ಬೇಕು, ಮಾಪಿಳ್ಳೆ."

"ರಾಜರ ಕಾಲದ ತೆರಿಗೆ?"

"ಅದನ್ನೂ."

ಗಂಡಾಂತರ ಬಂದದ್ದು ಮರುದಿನ. ಊಟ ಮುಗಿಸಿದ ಅಳಿಯ ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದು, ಕೂತು ತೊಳೆಯತೊಡಗಿದ! ಗೋಮತಿ ಎದೆ ಹಿಡಿದುಕೊಂಡು ಓಡಿದಳು. "ಅಯ್ಯಯ್ಯೋ ಮಾಪಿಳ್ಳೆ! ಊರೋರು ನೋಡಿದ್ರೆ ಏನಂದಾರು?"

"ಉಂಡ ತಟ್ಟೆ ತೊಳೀದ ಗಂಡಸು ಸಮಾನತೆ ಬಗ್ಗೆ ಬಾಯೇ ಬಿಡಬಾರ್ದು ಅಂತ ಆ ಸಮಾಜದ ಪೊಸ್ತಕದಾಗೆ ಬರ್ದೈತೆ ಅತ್ತೆ. ಮಾಮಾ ಓದೀನೇ ಅಲ್ವಾ ಕೊಟ್ಟಿರೋದು?"

ಗೋಮತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಜೆಯಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಓದಿದ್ದೀರಾ?" ಎಂದಳು ಗೋಮತಿ.

ಓದಿದ್ದೇನೆ ಎಂದರೆ ಇಷ್ಟು ವರ್ಷದ ತಟ್ಟೆಗಳಿಗೆ ಲೆಕ್ಕ ಕೊಡಬೇಕು. ಓದಿಲ್ಲ ಎಂದರೆ ಅಳಿಯನ ಮುಂದೆ ಮಾನ ಹರಾಜು. ಚಿನ್ನತಂಬಿಯವರು ನಡುದಾರಿ ಹಿಡಿದರು. "ಓದ್ದೆ, ಓದ್ದೆ... ಕೊನೇ ಅಧ್ಯಾಯ ಒಂದು ಬಾಕಿ ಇತ್ತು."

"ಇದು ಮೊದಲ್ನೇ ಅಧ್ಯಾಯ, ಮಾಮಾ" ಎಂದ ಅಳಿಯ, ಬಹಳ ಮರ್ಯಾದೆಯಿಂದ.

ಚಿನ್ನತಂಬಿಯವರು ತಾವುಂಡ ತಟ್ಟೆ ಎತ್ತಿಕೊಂಡರು. ಅಳಿಯ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಮಾವ, ಅಳಿಯ ಇಬ್ಬರೂ ಜೋಡಿಯಾಗಿ ಕೂತು ಉಜ್ಜಿದರು. ನಿಜ ಹೇಳಬೇಕೆಂದರೆ, ಬಿಸಿಲಲ್ಲಿ ತಣ್ಣೀರು ಹಿತವಾಗಿಯೇ ಇತ್ತು.

"ತಳದಾಗೆ ಜಿಡ್ಡೈತೆ" ಎಂದಳು ಗೋಮತಿ, ತಟ್ಟೆಯನ್ನು ಬೆಳಕಿಗೆ ಹಿಡಿದು. ಅವಳ ಮುಖದಲ್ಲಿ ಹಬ್ಬಕ್ಕೂ ಇರದಿದ್ದ ಕಳೆ.

ಮಗಳು ಅಳಿಯ ಪುಸ್ತಕಗಳನ್ನು ಹಿಂದಿರುಗಿಸಿ ಬಸ್ಸು ಹತ್ತಿ ಹೋದ ಸಂಜೆ, ಜನ್ಮದಲ್ಲಿ ಪುಸ್ತಕ ಕೇಳದ ಗೋಮತಿ ಗಂಡನ ಮುಂದೆ ಬಂದು ಕೈ ಚಾಚಿದಳು. "ಯೇಂಗ, ಆ ಸಮಾಜದ ಪೊಸ್ತಕ ಇತ್ಲಾಗೆ ಕೊಡಿ. ಎರಡನೇ ಅಧ್ಯಾಯದಾಗೆ ಏನೈತೆ ನೋಡ್ತೀನಿ."

ಚಿನ್ನತಂಬಿಯವರು ಪುಸ್ತಕವನ್ನು ದಿಂಬಿನಡಿಗೆ ತಳ್ಳುತ್ತ, ಜೀವಮಾನದಲ್ಲೇ ಮೊದಲ ಬಾರಿಗೆ ಹೇಳಿದರು:

"ಅದು ಅಷ್ಟೇನೂ ಚೆಂದಾಗಿಲ್ಲ, ಗೋಮತೀ."