ಡಂಗುರ ಸಾರಿ ಹೊಗೆ ಅಳೆದದ್ದು

ಬಹಳ ಹಿಂದೆ, ಆದರೆ ಓದುಗರು ನೆಮ್ಮದಿಯಿಂದ ನಿಟ್ಟುಸಿರು ಬಿಡುವಷ್ಟು ಹಿಂದೆಯೇನಲ್ಲ, ಸುಮಾರುಪುರವೆಂಬ ರಾಜ್ಯವೊಂದಿತ್ತು. ಅದನ್ನು ಅಂದಾಜವರ್ಮನೆಂಬ ಮಹಾರಾಜನು ಆಳುತ್ತಿದ್ದನು. ಆಳುತ್ತಿದ್ದನೆಂದು ಆಸ್ಥಾನದ ಪತ್ರಿಕಾ ಪ್ರಕಟಣೆಗಳು ಹೇಳುತ್ತವೆ. ನಮ್ಮ ಬಳಿ ಬೇರೆ ಆಧಾರವಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಅರಮನೆಯವರು ಏನನ್ನೇ ಅಳೆಯಲು ಅಥವಾ ಪರಿಶೀಲಿಸಲು ಹೊರಟರೂ ಮೂರು ದಿನ ಮೊದಲು ಆ ಬೀದಿಯಲ್ಲಿ ಡಂಗುರ ಸಾರಬೇಕು. ಹೇಳದೆ ಕೇಳದೆ ನುಗ್ಗುವುದು ಅತಿಥಿಗೆ ಶೋಭೆಯಲ್ಲ ಎಂಬುದು ಹಿರಿಯರ ಮಾತು. ಹೀಗಾಗಿ ಸುಮಾರುಪುರದ ಇತಿಹಾಸದಲ್ಲಿ ಪರಿಶೀಲನೆಯ ದಿನ ಸೋರಿದ ಛಾವಣಿಯಿಲ್ಲ, ಶಾಲೆಗೆ ಬಾರದ ಮೇಷ್ಟ್ರಿಲ್ಲ, ನೀರು ಬೆರೆತ ಹಾಲಿಲ್ಲ.

ಇಂಥ ಸುಭಿಕ್ಷ ರಾಜ್ಯದಲ್ಲಿ ಸೆಕೆ ಹೆಚ್ಚಾಯಿತು. ಒಂದು ಬೇಸಿಗೆಯಲ್ಲಿ ಸಿಂಹಾಸನವೇ ಕಾದು, ಮಹಾರಾಜರು ನಿಂತುಕೊಂಡು ರಾಜ್ಯಭಾರ ಮಾಡಬೇಕಾಯಿತು. ಸುತ್ತಲಿನ ರಾಜರದ್ದೂ ಅದೇ ಪಾಡು. ಅವರೆಲ್ಲ ಸಭೆ ಸೇರಿ ಒಂದು ಒಪ್ಪಂದಕ್ಕೆ ಬಂದರು: ಬೆಂಕಿಯಿಂದ ಹೊರಡುವ, ಕಣ್ಣಿಗೆ ಕಾಣದ ಅನಿಲಗಳು ಭೂಮಿಗೆ ಕಂಬಳಿ ಹೊದಿಸಿ ಶಾಖವನ್ನು ಹಿಡಿದಿಡುತ್ತಿವೆ. ಪ್ರತಿ ರಾಜ್ಯವೂ ಅವನ್ನು ನಿಖರವಾಗಿ ಅಳೆದು, ಎಲ್ಲಕ್ಕಿಂತ ಹೆಚ್ಚು ಉಗುಳುವ ಬೆಂಕಿಯನ್ನು ಆರಿಸಬೇಕು. ಅತಿ ಕಡಿಮೆ ಉಗುಳುವ ರಾಜ್ಯದ ದೊರೆಗೆ ನಿರ್ಮಲ ಕಿರೀಟ.

ಅಲ್ಲಿಯವರೆಗೆ ಸುಮಾರುಪುರದ ಅಳತೆಯ ವಿಧಾನ ಸರಳವಾಗಿತ್ತು. ಮಹಾರಾಜರು ಉಪ್ಪರಿಗೆಯಲ್ಲಿ ನಿಂತು ಮೂಗೆತ್ತಿ "ಪರವಾಗಿಲ್ಲ" ಎನ್ನುವರು. ಗುಮಾಸ್ತರು ಅದನ್ನು ದಶಾಂಶದ ಮೂರು ಸ್ಥಾನಗಳಿಗೆ ಬರೆದುಕೊಳ್ಳುವರು. ಈಗ ಕಿರೀಟದ ಆಸೆಯಿಂದ ಅರಮನೆಯ ಅನುದಾನದಲ್ಲಿ ರಾಜಧೂಮ ಸಂಶೋಧನಾ ಪೀಠ ಹುಟ್ಟಿತು. ಮೊದಲ ಎರಡು ವರ್ಷ ಉದ್ಘಾಟನೆಗಳು ನಡೆದವು, ಮೂರನೆಯ ವರ್ಷ ಲಾಂಛನ ರೂಪುಗೊಂಡಿತು. ನಾಲ್ಕನೆಯ ವರ್ಷ ಯಾರಿಗೋ ನೆನಪಾಗಿ, ಕಂಚುಗಾರರ ಬೀದಿಯ ಪುಟ್ಟತಮ್ಮಯ್ಯನನ್ನು ಸಂಶೋಧಕನಾಗಿ ನೇಮಿಸಿದರು. ಅವನು ಒಂದೇ ವರ್ಷದಲ್ಲಿ ತಾಮ್ರದ ಪೆಟ್ಟಿಗೆಯೊಂದನ್ನು ಮಾಡಿದ. ಅದಕ್ಕೊಂದು ಉದ್ದ ಮೂಗು, ಬೆನ್ನಿಗೊಂದು ಮುಳ್ಳು. ಮೂಗಿಗೆ ಅನಿಲ ಬಡಿದರೆ ಮುಳ್ಳು ತಿರುಗುತ್ತಿತ್ತು. ಅದಕ್ಕೆ ಯಾರ ಬೆಂಕಿ ಎಂಬುದು ತಿಳಿಯುತ್ತಿರಲಿಲ್ಲ. ಮುಂದೆ ಬಂದ ತೊಂದರೆಗೆಲ್ಲ ಅದೇ ಕಾರಣ.

ಮಹಾಮಂತ್ರಿ ಅಸ್ತುರಾಯರಿಗೆ ನದಿಯ ದಂಡೆಯಲ್ಲಿ ಹನ್ನೊಂದು ಸುಣ್ಣದ ಭಟ್ಟಿಗಳಿದ್ದವು. ಅವರು ಮಹಾರಾಜರ ಕಿವಿಯ ಬಳಿ ಬಾಗಿದರು.

"ಮಹಾಪ್ರಭು, ತಪ್ಪೆಲ್ಲ ಬೀದಿಬದಿಯ ಒಲೆಗಳದ್ದು. ವರದಿ ಸಿದ್ಧವಾಗಿದೆ. ಅಳತೆಯೊಂದು ಬಾಕಿ."

"ಭೇಷ್. ಅಳತೆ ವರದಿಗೆ ಸರಿಯಾಗಿ ಬರಲಿ."

ಈ ಸುದ್ದಿ ಸಂತೆಪೇಟೆಗೆ ಮುಟ್ಟಿದಾಗ ಹೊಂಬಾಳಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಮೂಲೆಯಲ್ಲಿ ಒಂದು ಒಲೆ ಹೂಡಿ, ಹಮಾಲರಿಗೆ, ಕುಂಬಾರರಿಗೆ, ಅರಮನೆಯ ಕಾವಲುಗಾರರಿಗೆ ಇಡ್ಲಿ ಬೇಯಿಸಿ ಹಾಕುವುದು ಅವಳ ಬದುಕು. ಒಲೆ ಆರಿದರೆ ಅವಳ ಮನೆಯೂ ಆರಿದಂತೆ.

ಪದ್ಧತಿಯಂತೆ ಡಂಗುರ ಸಾರಿಸಿ ಮೂರನೆಯ ದಿನ ಪುಟ್ಟತಮ್ಮಯ್ಯ ಪೆಟ್ಟಿಗೆ ಹೊತ್ತು ಬಂದ. ಬೀದಿಗೆ ತೋರಣ ಕಟ್ಟಿತ್ತು. ಪಾನಕ ಕೊಟ್ಟರು. ಒಂದು ಒಲೆಯೂ ಉರಿಯುತ್ತಿರಲಿಲ್ಲ.

"ಹೊಂಬಾಳಮ್ಮ, ಒಲೆ ಯಾಕೆ ಹಚ್ಚಿಲ್ಲ?"

"ಚೆನ್ನಾಗಿ ಕೇಳುದ್ರಿ ಅಳತೆ ಅಯ್ನೋರೆ. ಅರಮನೆಯೋರು ಬತ್ತಾರೆ ಅಂದ್ಮೇಲೆ ಬೂದಿ ಒಲೆ ತೋರ್ಸಕಾಯ್ತದಾ? ಸಾರ್ಸಿ ರಂಗೋಲಿ ಬಿಟ್ಟಿವ್ನಿ. ಬಗ್ಗಿ ನೋಡಿ, ಒಲೆ ಒಳಗೂ ಒಂದು ತಾವರೆ ಬಿಟ್ಟಿವ್ನಿ."

ಪುಟ್ಟತಮ್ಮಯ್ಯ ಪೆಟ್ಟಿಗೆಯ ಮೂಗನ್ನು ತಾವರೆಯ ಮೇಲೆ ಹಿಡಿದ. ಸೊನ್ನೆ. ಇಡೀ ಬೀದಿಯೇ ಸೊನ್ನೆ. ಅವನು ಜಗಲಿಯ ಮೇಲೆ ಕುಸಿದು ಕೂತ.

"ಸೊನ್ನೆ ಬಂದ್ರೆ ಒಳ್ಳೇದಲ್ವಾ?"

"ಎಲ್ಲಿ ಒಳ್ಳೇದು ತಾಯಿ. ಒಲೆ ಆರಿಸಿದ್ದಕ್ಕೇ ಸೊನ್ನೆ ಬಂತು, ಅದಕ್ಕೇ ಒಲೆ ಆರ್ಕೊಂಡೇ ಇರ್ಲಿ ಅಂತಾರೆ ಮಂತ್ರಿಗಳು. ನಿನ್ನ ಒಲೆ ಉರೀಬೇಕು. ಉರಿದ್ರೂ ಎಷ್ಟು ಕಮ್ಮಿ ಅಂತ ನಾನು ಬರೀಬೇಕು."

"ಅಷ್ಟೇನಾ? ಹಿಟ್ಟು ರುಬ್ಬಿದ್ದು ಹಂಗೇ ಕೂತದೆ, ತಡೀರಿ."

ತಾವರೆಯ ಮೇಲೆ ಸೌದೆ ಬಿತ್ತು. ಇಡ್ಲಿ ಬೇಯುವಷ್ಟು ಹೊತ್ತು ಪುಟ್ಟತಮ್ಮಯ್ಯ ಮುಳ್ಳನ್ನೇ ನೋಡಿದ. ಅದು ಒಂದು ಸಾಸಿವೆ ಕಾಳಿನಷ್ಟು ಸರಿದು ನಿಂತಿತು. ಆಮೇಲೆ ನಾಲ್ಕು ಇಡ್ಲಿ ತಿಂದು, ಅದನ್ನು ಕ್ಷೇತ್ರಕಾರ್ಯ ಎಂದು ಬರೆದುಕೊಂಡ.

ಮರುದಿನ ಬೆಳಿಗ್ಗೆ ಅವನು ಸುಮಾರುಪುರದಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಡಂಗುರವಿಲ್ಲದೆ, ಪೆಟ್ಟಿಗೆಯೊಂದಿಗೆ ಸೀದಾ ಸುಣ್ಣದ ಭಟ್ಟಿಗಳಿಗೆ ಹೋದ. ಮುಳ್ಳು ಮೂರು ಸುತ್ತು ತಿರುಗಿ, ಪೆಟ್ಟಿಗೆಯ ಅಂಚಿಗೆ ಹೊಡೆದು, ಬಾಗಿತು.

ಆಸ್ಥಾನದಲ್ಲಿ ಎರಡೂ ಅಳತೆಗಳನ್ನು ಓದಲಾಯಿತು. ಬಾಗಿದ ಮುಳ್ಳನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ತೋರಿಸಲಾಯಿತು. ಮಹಾರಾಜರು ನಿಂತೇ ಕೇಳಿದರು.

"ಬೀದಿಯಲ್ಲಿ ಸೊನ್ನೆ, ಭಟ್ಟಿಯಲ್ಲಿ ಮೂರು ಸುತ್ತು. ಎರಡರಲ್ಲಿ ಯಾವುದು ನಿಖರ?"

"ಎರಡೂ ನಿಖರ ಮಹಾಪ್ರಭು" ಎಂದ ಪುಟ್ಟತಮ್ಮಯ್ಯ. "ಆ ದಿನ ಬೀದಿಯಲ್ಲಿ ಬೆಂಕಿಯೇ ಇರಲಿಲ್ಲ. ಹಚ್ಚಿ ನೋಡಿದರೆ ಒಂದು ಒಲೆಯದು ಸಾಸಿವೆಯಷ್ಟು. ಊರಿನ ಒಲೆಗಳನ್ನೆಲ್ಲ ಒಟ್ಟು ಹಾಕಿದರೂ ಮಂತ್ರಿಗಳ ಒಂದು ಭಟ್ಟಿಗೆ ಸಮನಾಗುವುದಿಲ್ಲ. ಆರಿಸಬೇಕಾದದ್ದು ಭಟ್ಟಿ."

ಸಭೆ ತಣ್ಣಗಾಯಿತು. ಆ ಬೇಸಿಗೆಯಲ್ಲಿ ಏನಾದರೂ ತಣ್ಣಗಾದದ್ದು ಅದೊಂದೇ. ಅಸ್ತುರಾಯರು ನಿಧಾನವಾಗಿ ಎದ್ದರು.

"ಒಂದು ಸಣ್ಣ ಪ್ರೋಟೋಕಾಲ್ ಪ್ರಶ್ನೆ. ಭಟ್ಟಿಗೆ ಹೋಗುವ ಮೊದಲು ಡಂಗುರ ಸಾರಿದಿರಾ?"

"ಇಲ್ಲ ಬುದ್ಧಿ."

"ಹಾಗಾದರೆ ಅದು ಅಳತೆಯಲ್ಲ, ಇಣುಕುವಿಕೆ. ತಿಳಿಸದೆ ನೋಡಿದ ಹೊಗೆಯನ್ನು ಹೊಗೆಯೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿಲ್ಲ, ಮಹಾಪ್ರಭು."

"ಸರಿ, ಸಾರಿಸಿ ಅಳೆಯಿರಿ" ಎಂದರು ಮಹಾರಾಜರು. ಅವರು ಕೆಟ್ಟವರಲ್ಲ, ಕಾಲು ನೋಯುತ್ತಿತ್ತು.

ಡಂಗುರದವರನ್ನು ಭಟ್ಟಿಗಳ ಕಡೆಗೆ ಕಳುಹಿಸಿದರು. ಅರ್ಧ ದಾರಿಯಲ್ಲೇ ಅವರಿಗೆ ಕೆಮ್ಮು ಹಿಡಿದು, ತಮಟೆ ಹೊಡೆಯಲಾಗದೆ ವಾಪಸಾದರು. ಮೂರು ಸಲ ಹೋದರು, ಮೂರು ಸಲವೂ ಕೆಮ್ಮಿದರು. ಭಟ್ಟಿಗಳಿಗೆ ಡಂಗುರ ಸಾರಲಾಗದು ಎಂಬುದು ಹೀಗೆ ಪ್ರಯೋಗದಿಂದ ಸಾಬೀತಾಯಿತು. ಸಾರದೆ ಅಳೆಯುವಂತಿಲ್ಲ. ಅಳೆಯದಿದ್ದರೆ ಅಂಕಿ ಇಲ್ಲ. ಅಂಕಿ ಇಲ್ಲದ್ದು ವರದಿಯಲ್ಲಿ ಇರುವಂತಿಲ್ಲ. ಉಳಿದದ್ದು ಡಂಗುರ ಸಾರಿ ಅಳೆದ ಬೀದಿಯ ಸೊನ್ನೆಯೊಂದೇ. ರಾಜ್ಯದ ಒಟ್ಟು ಉಗುಳುವಿಕೆ ಸೊನ್ನೆ ಎಂದು ಸುತ್ತಲಿನ ರಾಜರಿಗೆ ಪತ್ರ ಹೋಯಿತು.

ಅವರಿಂದ ಉತ್ತರ ಬಂತು: ಅಭಿನಂದನೆಗಳು, ಆದರೆ ಒಂದು ದಿನದ ಸೊನ್ನೆ ಸಾಲದು. ವರ್ಷವಿಡೀ ಸೊನ್ನೆ ಇರಬೇಕು.

"ಚಿಂತೆಯೇಕೆ ಮಹಾಪ್ರಭು?" ಎಂದರು ಅಸ್ತುರಾಯರು. "ವರ್ಷವಿಡೀ ಡಂಗುರ ಸಾರಿದರಾಯಿತು."

ಅಂದಿನಿಂದ ಸುಮಾರುಪುರದಲ್ಲಿ ಪ್ರತಿದಿನವೂ ಅಳತೆಯ ದಿನವೆಂದು ಘೋಷಣೆಯಾಯಿತು. ಒಲೆಗಳೆಲ್ಲ ಗೌರವಪೂರ್ವಕವಾಗಿ ಆರಿದವು. ಜನ ನೆನೆಸಿದ ಅವಲಕ್ಕಿ, ನೆನೆಸಿದ ಕಡಲೆ, ಕಡೆಗೆ ನೆನೆಸಿದ ಅಕ್ಕಿಯನ್ನೇ ಅಗಿಯತೊಡಗಿದರು. ಕದ್ದು ಹಚ್ಚಬಾರದೆಂದು ಪ್ರತಿ ಒಲೆಯ ಬಾಯಿಗೂ ಗಾರೆ ಮೆತ್ತಬೇಕೆಂದು ಎರಡನೆಯ ಆಜ್ಞೆ ಬಂತು. ಗಾರೆಗೆ ಸುಣ್ಣ ಬೇಕು. ಸುಣ್ಣವನ್ನು ಪ್ರಜೆಗಳೇ ಕೊಳ್ಳಬೇಕು. ಬೇಡಿಕೆ ಏರಿದ್ದರಿಂದ ನದಿಯ ದಂಡೆಯಲ್ಲಿ ಭಟ್ಟಿಗಳು ಇಪ್ಪತ್ತೆರಡಾದವು.

ಪುಟ್ಟತಮ್ಮಯ್ಯನಿಗೆ ಶಾಲು ಹೊದಿಸಿ ಬಡ್ತಿ ಕೊಟ್ಟರು. ಬಾಗಿದ ಮುಳ್ಳಿನ ಜಾಗದಲ್ಲಿ, ಸೊನ್ನೆಯ ಮೇಲೆ ಹೊಸದೊಂದನ್ನು ಬೆಸುಗೆ ಹಾಕಿಸಿದ್ದರು. ಅವನು ಹೊಂಬಾಳಮ್ಮನ ಬಳಿ ಬಂದು ತಲೆ ತಗ್ಗಿಸಿ ನಿಂತ.

"ನಿನ್ನ ಒಲೆ ಉಳಿಸೋಕೆ ಆಗ್ಲಿಲ್ಲ ತಾಯಿ. ಅಳತೆ ಮಾತ್ರ ಸರಿಯಾಗೇ ಇತ್ತು."

"ಸರಿಯಾಗಿದ್ದದ್ದು ಗೊತ್ತು ಬಿಡಪ್ಪ. ಸಾಸಿವೆಯಷ್ಟು ಅಂದ್ಯಲ್ಲ, ಅದೇ ಹೊತ್ತಲ್ಲಿ ಸಾಂಬಾರಿಗೂ ಒಗ್ಗರಣೆ ಹಾಕ್ಬಿಡ್ಬೇಕಾಗಿತ್ತು. ಕೂತ್ಕೊ, ಅಕ್ಕಿ ಅಗಿ."

ವರ್ಷ ತುಂಬಿದ ದಿನ ಅಂದಾಜವರ್ಮ ಮಹಾರಾಜರಿಗೆ ನಿರ್ಮಲ ಕಿರೀಟ ತೊಡಿಸಿ ಆನೆಯ ಮೇಲೆ ಮೆರವಣಿಗೆ ತೆಗೆದರು. ಚಪ್ಪಾಳೆ ಕಡ್ಡಾಯವಾಗಿತ್ತು. ಸಂತೆಪೇಟೆಯವರು ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತರು. ಭಟ್ಟಿಗಳ ಹೊಗೆ ಊರನ್ನು ಎಷ್ಟು ದಟ್ಟವಾಗಿ ತುಂಬಿತ್ತೆಂದರೆ ಪಕ್ಕದವರ ಮುಖವೇ ಕಾಣುತ್ತಿರಲಿಲ್ಲ.

"ದೊರೆಗಳು ಯಾವ ಕಡೆ ಅವ್ರೆ?" ಎಂದು ಹಮಾಲನೊಬ್ಬ ಕೇಳಿದ.

"ಮೇಲ್ಗಡೆಯಿಂದ ಕೆಮ್ಮು ಬತ್ತಾ ಅದಲ್ಲ, ಅಲ್ಲಿ" ಎಂದಳು ಹೊಂಬಾಳಮ್ಮ.

ಜನರೆಲ್ಲ ಅತ್ತ ತಿರುಗಿ, ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.