ಗಜಗರ್ಜನ ಪಂಪ್ಸ್‌ನ ನೌಕರಾನ್ವೇಷಣ ಮಹಾಸಮರ

ಬೆರಳೊತ್ತಿದರೆ ಕೆಲಸವೂ ಕೆಲಸಗಾರರೂ ಪ್ರತ್ಯಕ್ಷರಾಗುವರೆಂದು ಲೋಕವೆಲ್ಲ ನಂಬಿದ್ದ ಅಂತರ್ಜಾಲಯುಗದಲ್ಲಿ, ಹುಬ್ಬಳ್ಳಿ ಮಹಾನಗರದ ಗೋಕುಲ ರಸ್ತೆಯಲ್ಲಿ, ಪಾತಾಳಜಲೋತ್ಥಾಪನಯಂತ್ರಾಧೀಶ್ವರರಾದ, ಅಂದರೆ ಬೋರ್‌ವೆಲ್ ಪಂಪು ಮಾರುವ, ಮುರಿಗೆಪ್ಪ ಮೆಣಸಿನಕಾಯಿ ಮತ್ತು ಈರಸಂಗಪ್ಪ ಉಳ್ಳಾಗಡ್ಡಿ ಎಂಬ ಪಾಲುದಾರರಿದ್ದರು. ವಾಗ್ದೇವಿಯೇ, ಇವರ ಸಮರವನ್ನು ಹಾಡಲು ನಾಲಿಗೆಗೆ ಬಲ ಕೊಡು. ನಡುವೆ ನಗು ಬಂದರೆ ನೀನೇ ತಡೆ.

ಬಿಲ್ಲು, ಫೋನು, ಲಾರಿಚೀಟಿಗಳೆಂಬ ತ್ರಿವಿಧಭಾರವನ್ನು ಹನ್ನೊಂದು ವರ್ಷ ಒಬ್ಬಳೇ ಹೊತ್ತ ಗುಮಾಸ್ತೆ ಅನಸೂಯಾ ಬಡಿಗೇರ ಒಂದು ದಿನ ಬಿನ್ನವಿಸಿದಳು: “ಸಾಹುಕಾರ್ರ, ನನ್ನ ಜೋಡಿ ಇನ್ನೊಬ್ರನ್ನ ತಗೋರಿ. ನಾ ಮನಿ ಮುಟ್ಟೂದು ಒಂಬತ್ತಕ್ಕ. ಮಗಳು ಹಾದಿ ನೋಡಿ ನೋಡಿ ಮಲಗಿರ್ತಾಳ.”

ಕೂಡಲೇ ಮುರಿಗೆಪ್ಪ ಗರ್ಜಿಸಿದ: “‘ಉದ್ಯೋಗರಥ’ ವೆಬ್‌ಸೈಟಿನ್ಯಾಗ ಜಾಹೀರಾತು ಒಗದ್ರ ಸಾಕು, ಧಾರವಾಡದ ತನಕ ಪಾಳಿ ಹಚ್ಚಿ ನಿಲ್ತಾರ!”

“ಆ ರಥದ ಗಾಲಿ ಯಾವಾಗೋ ಕಳಚ್ಯಾವ,” ಎಂದ ಈರಸಂಗಪ್ಪ. “‘ಕೆಲಸದ ಕಣಜ’ದಾಗ ಹಾಕು. ಬೆಳಗಾಗೂದ್ರಾಗ ಬಾಗಿಲಿಗೆ ಎಂ.ಬಿ.ಎ. ಮಾಡಿದವ್ರು ಬರ್ತಾರ.”

ಇಬ್ಬರೂ ಹಟ ಬಿಡಲಿಲ್ಲ. ಒಬ್ಬರಿಗೊಬ್ಬರು ತಿಳಿಸದೆ, ಕಂಪನಿಯ ಹೆಸರನ್ನು ಮುಚ್ಚಿಟ್ಟು, ‘ಪ್ರತಿಷ್ಠಿತ ಸಂಸ್ಥೆಗೆ ಗುಮಾಸ್ತರು ಬೇಕು’ ಎಂದು ತಂತಮ್ಮ ತಾಣಗಳಲ್ಲಿ ಸಾರಿದರು. ಮುರಿಗೆಪ್ಪ ‘ಸಂಜೆ ಆರಕ್ಕೆ ಮನೆಗೆ’ ಎಂಬ ಬಾಣ ಬಿಟ್ಟ. ಕಣಜದ ವೀರ ಈರಸಂಗಪ್ಪ ಅದನ್ನು ಕದ್ದು ಓದಿ ‘ಐದೂವರೆಗೇ ಮನೆಗೆ’ ಎಂಬ ಬ್ರಹ್ಮಾಸ್ತ್ರವನ್ನೇ ಹೂಡಿದ. ಇಷ್ಟಾದರೂ ಒಬ್ಬೊಬ್ಬನಿಗೆ ಬಂದದ್ದು ಒಂದೊಂದೇ ಅರ್ಜಿ! ಅರ್ಜಿ ಹಾಕಿದವರು ಭೇಟಿಯಾಗುವ ತನಕ ತಮ್ಮ ಹೆಸರು ಹೇಳಬಾರದೆಂಬುದು ಎರಡೂ ತಾಣಗಳ ನಿಯಮ. ‘ಹನ್ನೊಂದು ವರ್ಷ ಅನುಭವ’ ಎಂದು ಓದಿಯೇ ಇಬ್ಬರೂ ಹಿಗ್ಗಿದರು. ಶನಿವಾರ ಸಂಜೆ ಐದಕ್ಕೆ, ಬಸ್‌ಸ್ಟ್ಯಾಂಡ್ ಎದುರಿನ ಚಹಾದ ಹೋಟೆಲಿನಲ್ಲಿ ಸಂದರ್ಶನವಿರಲಿ ಎಂದು ಅರ್ಜಿದಾರರೇ ಸೂಚಿಸಿದ್ದರು. ಇಬ್ಬರೂ ಒಪ್ಪಿದರು.

ಆ ಶನಿವಾರ, ಮಿರ್ಚಿಪರಿಮಳವ್ಯಾಪ್ತವಾದ ಆ ರಣಾಂಗಣದಲ್ಲಿ ವೀರರಿಬ್ಬರೂ ಮುಖಾಮುಖಿಯಾದರು.

“ಏನಲೇ, ಇಲ್ಲಿ?”

“ಚಾ ಕುಡ್ಯಾಕ. ನೀ?”

“ನಾನೂ ಚಾಕ್ಕ.”

ಐದು ಹೊಡೆಯಿತು. ಇಸ್ತ್ರಿ ಮಾಡಿದ ಸೀರೆಯುಟ್ಟು, ಎದೆಗೆ ಫೈಲು ಅವಚಿಕೊಂಡು ಒಳಗೆ ಬಂದವಳು ಅನಸೂಯಾ.

“ಅಯ್ಯ ಶಿವನ! ಸಾಹುಕಾರ್ರ, ನೀವೂ ಬ್ಯಾರೆ ಕೆಲಸ ಹುಡುಕಾಕತ್ತೀರೇನ್ರಿ?”

ಫೈಲು ಕಂಡು ಇಬ್ಬರಿಗೂ ಎಲ್ಲ ಅರ್ಥವಾಯಿತು. ಮುರಿಗೆಪ್ಪ ಗುಡುಗಿದ: “ಹೊಟ್ಟಿನೋವು ಅಂತ ಅರ್ಧಾ ದಿನ ಸೂಟಿ ತಗೊಂಡಿದ್ಯಲ್ಲವಾ!”

“ತಪ್ಪಾತ್ರಿ. ಒಂದಽ ಸೂಟಿಯೊಳಗ ಎರಡೂ ಕಡೆ ಮುಗಿಸೂಣಂತ ಮಾಡಿದ್ದೆ. ಸಂಜಿಮುಂದ ಮನಿಗೆ ಬಿಡ್ತಾರಂತ ಓದಿ ಕಣ್ಣಾಗ ನೀರಽ ಬಂತ್ರಿ. ಅಂಥಾ ಮಾಲಕ್ರು ಹೆಂಗಿರ್ತಾರಂತ ನೋಡಾಕ ಬಂದೆ.”

ಇಬ್ಬರ ತಲೆಯೂ ತಗ್ಗಿತು. ಪಾಪ, ನಾಚಿಕೆಯಾದದ್ದು ನಿಜ. ಆದರೆ ಅದು ಒಂದು ಚಹಾ ಮುಗಿಯುವಷ್ಟು ಹೊತ್ತೂ ಉಳಿಯಲಿಲ್ಲ.

“ಏನಽ ಅನ್ನು, ಈಕಿ ನನ್ನ ರಥದಾಗಿಂದ ಬಂದಾಕಿ!” ಎಂದ ಮುರಿಗೆಪ್ಪ.

“ಬಿಡಲೇ! ನನ್ನ ಕಣಜದಾಕಿ!”

ಮೇಜು ಅದುರಿತು, ಚಹಾದ ಕಪ್ಪುಬಸಿಗಳು ಗಲಗಲಿಸಿದವು. ಹನ್ನೊಂದು ವರ್ಷದಿಂದ ತಮ್ಮ ಕಣ್ಣೆದುರೇ ಕೂತಿದ್ದವಳನ್ನು ಕಂಡುಹಿಡಿದವರಾರೆಂದು ಮಹಾವೀರರು ಅರ್ಧ ಗಂಟೆ ಕಾದಾಡಿದರು. ಅನಸೂಯಾ ಗೋಡೆಯ ಗಡಿಯಾರ ನೋಡಿ ಎದ್ದಳು.

“ಐದೂವರಿ ಆತ್ರಿ. ನಾ ಕಣಜದ ಕೆಲಸಾನಽ ಒಪ್ಪಿಕೊಂಡೀನಿ. ಸೋಮವಾರ ಬರ್ತೀನ್ರಿ. ಅಲ್ಲಿ ಆಫೀಸಿನ ಮುಂದ ಲಾರಿ ನಿಂತೈತಿ, ಚೀಟಿ ನೀವಽ ಬರೀಬೇಕು.”

ವಿಜಯೋನ್ಮತ್ತನಾದ ಈರಸಂಗಪ್ಪ ಸೋತ ಮುರಿಗೆಪ್ಪನೊಡನೆ ಆಫೀಸಿಗೆ ಮರಳಿ ಚೀಟಿ ಬರೆಯಲು ಕುಳಿತ. ಕಾರ್ಬನ್ ಹಾಳೆ ತಿರುವುಮುರುವಾಗಿತ್ತು. ಎಲ್ಲವನ್ನೂ ಮತ್ತೆ ಬರೆದರು. ಇಬ್ಬರೂ ಮನೆ ಮುಟ್ಟಿದಾಗ ಒಂಬತ್ತಾಗಿತ್ತು.